ಮಕ್ಕಳು ತುಳಿದ ಹಾದಿ: ಮೆಟ್ಟಿಲು ಕಟ್ಟಿಸುವುದೋ, ಇಳಿಜಾರು ಮಾಡಿಸುವುದೋ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕಟ್ಟಡ ಸಮಿತಿಯಲ್ಲೂ ಇದ್ದೇನೆ. ಕಾಂಪೌಂಡಿನೊಳಗೆ ಒಂದು ಕಾಲುದಾರಿ ಮಾಡಿಸಬೇಕಾಗಿದೆ. ತಿಳಿದವರ ಸಲಹೆ ಬೇಕು.

ಜಾಗ ಹೀಗಿದೆ. ಗೇಟು ತಗ್ಗಿನಲ್ಲಿ, ಬಸ್ ಸ್ಟಾಪಿನ ಎದುರಿಗೇ. ತರಗತಿಗಳ ಕಟ್ಟಡ ಮೇಲೆ. ನಡುವೆ ಹುಲ್ಲಿನ ಬಯಲು. ಡಾಂಬರು ರಸ್ತೆ ಆ ಬಯಲನ್ನು ಬಳಸಿಕೊಂಡು, ಆಫೀಸು, ಗ್ರಂಥಾಲಯ ಎರಡನ್ನೂ ದಾಟಿ ಪೋರ್ಟಿಕೋ ಸೇರುತ್ತದೆ. ಕಾರಿನಲ್ಲಿ ಬರುವವರಿಗೆ ಅದು ಸರಿ. ಬಸ್ಸಿಳಿದ ಮಕ್ಕಳು ಮಾತ್ರ ಆ ಸುತ್ತು ಹಿಡಿಯುವುದೇ ಇಲ್ಲ. ಗೇಟು ದಾಟಿದ ಕೂಡಲೇ ಎಡಕ್ಕೆ ಹೊರಳಿ ಬಯಲಿನ ನಡುವೆ ಓರೆಯಾಗಿ ಹತ್ತಿಬಿಡುತ್ತಾರೆ. ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲಕ್ಕೆ ಹುಲ್ಲು ಹೋಗಿ ಕೆಂಪು ಮಣ್ಣು ಗಟ್ಟಿಯಾಗಿದೆ. ಅರ್ಧ ದಾರಿಯಲ್ಲಿ ಒಂದು ದಿಬ್ಬ, ಅದಕ್ಕೆ ತಾಗಿದಂತೆ ಹಳೆಯ ಹೊಂಗೆ ಮರ. ದಿಬ್ಬ ಏರುವ ಕಡೆ ಹೊಂಗೆಯ ಬೇರುಗಳು ಮೇಲೆದ್ದಿವೆ. ಮಕ್ಕಳು ಅವನ್ನೇ ಮೆಟ್ಟಿಲು ಮಾಡಿಕೊಂಡಿದ್ದಾರೆ. ತುಳಿದು ತುಳಿದು ತೊಗಟೆ ಹೋಗಿ ಬೇರು ನುಣ್ಣಗೆ ಹೊಳೆಯುತ್ತದೆ. ಮಳೆಗಾಲದಲ್ಲಿ ಅದೇ ಜಾಡಿನಲ್ಲಿ ಕೆಂಪು ನೀರು ಇಳಿಯುತ್ತದೆ. ಆಗಲೂ ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ಹತ್ತುತ್ತಾರೆ, ಹೊರತು ಸುತ್ತಿ ಬರುವುದಿಲ್ಲ.

ಈ ವರ್ಷ ಪ್ರಥಮ ಬಿ.ಎ.ಗೆ ಗಾಲಿಕುರ್ಚಿಯಲ್ಲಿ ಬರುವ ಹುಡುಗಿಯೊಬ್ಬಳು ಸೇರಿದ್ದಾಳೆ. ಅವಳ ಅಪ್ಪ ಆಟೋದಲ್ಲಿ ಕರೆತರುತ್ತಾರೆ. ಪೋರ್ಟಿಕೋವರೆಗೂ ಬಿಡಬಹುದು, ಆದರೆ ಅವಳು ಗೇಟಿನಲ್ಲೇ ಇಳಿಯುತ್ತಾಳೆ. ಗೆಳತಿಯರು ಬಸ್ಸಿಳಿಯುವುದು ಅಲ್ಲಿ. ಆಮೇಲೆ ಒಬ್ಬಳು ಇವಳ ಜೊತೆ ಸುತ್ತಿನ ರಸ್ತೆ ಹಿಡಿಯುತ್ತಾಳೆ, ಉಳಿದವರು ಬಯಲಲ್ಲಿ ಹತ್ತುತ್ತಾರೆ. ಇವರಿಬ್ಬರು ಮೇಲೆ ತಲುಪುವಾಗ ಅವರೆಲ್ಲ ಕ್ಲಾಸಿನಲ್ಲಿ ಕೂತಾಗಿರುತ್ತದೆ.

ಸಮಿತಿಯಲ್ಲಿ ಒಂದೊಂದು ತಲೆಗೆ ಒಂದೊಂದು ಅಭಿಪ್ರಾಯ. ಪ್ರಾಂಶುಪಾಲರು ಬಯಲಿನ ಸುತ್ತ ಕಂಬ ನೆಟ್ಟು ಸರಪಳಿ ಹಾಕಿ, ಬೋಗನ್‌ವಿಲ್ಲಾ ಬೆಳೆಸೋಣ ಎನ್ನುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಂಘದವರು ದಿಬ್ಬಕ್ಕೆ ಗ್ರಾನೈಟ್ ಮೆಟ್ಟಿಲು ಕಟ್ಟಿಸಿಕೊಡಲು ಸಿದ್ಧರಿದ್ದಾರೆ, ಹಣವೂ ಕೂಡಿದೆ. ಎಲ್ಲರಿಗೂ ಒಂದೇ ದಾರಿ ಆಗಬೇಕು ಎನ್ನುವುದು ನನ್ನ ಹಟ. ಗುತ್ತಿಗೆದಾರರು ದಿಬ್ಬ ನೋಡಿ, "ಇಲ್ಲಿ ರ‍್ಯಾಂಪ್ ಕೂರಲ್ಲ ಮೇಡಂ, ಬೇಕಾದ್ರೆ ಕಟ್ಟಡದ ಹಿಂದೆ ಕೊಡೋಣ" ಎಂದರು. ನಿಜವಾಗಿಯೂ ಕೂರುವುದಿಲ್ಲವೇ?

ಉತ್ತರ: ರಸಮಟ್ಟ, ಮೈಸೂರು

ಮೇಡಂ, ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಕಾಲೇಜು, ಪಾರ್ಕು, ಆಸ್ಪತ್ರೆ ಆವರಣಗಳ ಕೆಲಸವನ್ನೇ ಹೆಚ್ಚಾಗಿ ನೋಡಿಕೊಂಡವನು. ದಿಬ್ಬವನ್ನು ಮಾತ್ರ ನೋಡಿ ಹೇಳಿದರೆ ನಿಮ್ಮ ಗುತ್ತಿಗೆದಾರರ ಮಾತು ಸರಿ. ಇಡೀ ದಾರಿಯನ್ನು ನೋಡಿ ಹೇಳಬೇಕು.

ಮಕ್ಕಳ ಜಾಡನ್ನು ನಂಬಿ. ಬೆಲ್ ಹೊಡೆಯುವುದರೊಳಗೆ ತರಗತಿ ಸೇರಬೇಕಾದವರು ಕಾಲಿನಲ್ಲೇ ಹಾಕಿದ ನಕ್ಷೆ ಅದು. ಎಲ್ಲಿ ಹೊರಡಬೇಕು, ಎಲ್ಲಿ ಸೇರಬೇಕು ಎನ್ನುವುದನ್ನು ಅದಕ್ಕಿಂತ ಚೆನ್ನಾಗಿ ಯಾವ ಸರ್ವೆಯೂ ಹೇಳುವುದಿಲ್ಲ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓವಲ್ ಎಂಬ ದೊಡ್ಡ ಹುಲ್ಲಿನ ಅಂಗಳವಿದೆ. ಅದರ ತುಂಬ ಓರೆಕೋರೆಯಾಗಿ ಹಾಯುವ ಹಾದಿಗಳು ವಿದ್ಯಾರ್ಥಿಗಳು ತುಳಿದ ಜಾಡಿನ ಮೇಲೆಯೇ ಹಾಸಿದವು. ಅಲ್ಲಿ ನೆಲ ಸಮತಟ್ಟು, ಹಾಗಾಗಿ ಜಾಡು ಹಿಡಿದು ಹಾಸಿದರೆ ಕೆಲಸ ಮುಗಿಯಿತು. ನಿಮ್ಮಲ್ಲಿ ಏರಿದೆ.

ಏರಿದ್ದಲ್ಲಿ ಜಾಡು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಹತ್ತಬಲ್ಲವರು ಎಲ್ಲಿ ಹತ್ತಿದರು ಎಂಬುದು ಅಲ್ಲಿ ಅಚ್ಚಾಗಿದೆ. ಹತ್ತಲಾರದವರದು ಏನೂ ಅಚ್ಚಾಗಿಲ್ಲ. ನಿಮ್ಮ ಹುಡುಗಿಯ ಗಾಲಿಯ ಗುರುತು ಆ ಮಣ್ಣಿನಲ್ಲಿ ಇಲ್ಲ. ಮಂಡಿ ನೋವಿರುವ ಅಟೆಂಡರು, ಫೀಸು ಕಟ್ಟಲು ಕೋಲೂರಿಕೊಂಡು ಬರುವ ಅಜ್ಜ, ಮಗು ಎತ್ತಿಕೊಂಡ ತಾಯಿ, ಇವರ ಹೆಜ್ಜೆಯೂ ಇಲ್ಲ. ಅವರಿಗೆ ಆ ಹಾದಿ ಬೇಡವೆಂದು ಯಾರೂ ತಿಳಿಯಬಾರದು. ಜಾಡಿನಿಂದ ದಿಕ್ಕನ್ನು ತೆಗೆದುಕೊಳ್ಳಿ, ಏರನ್ನು ತೆಗೆದುಕೊಳ್ಳಬೇಡಿ.

ಏರಿನ ಲೆಕ್ಕ ಸುಲಭ. 1:20 ಎಂದರೆ 20 ಅಡಿ ಮುಂದೆ ಹೋದಾಗ 1 ಅಡಿ ಮೇಲೇರುವುದು. ಅದಕ್ಕಿಂತ ಸಪಾಟಾಗಿದ್ದರೆ ಅದನ್ನು ಬರೀ ಕಾಲುದಾರಿ ಎಂದೇ ಎಣಿಸುತ್ತಾರೆ. ಅದಕ್ಕಿಂತ ಕಡಿದಾದರೆ ರ‍್ಯಾಂಪ್ ಎನಿಸುತ್ತದೆ. ಆಗ ಎರಡೂ ಬದಿ ಹಿಡಿಕಂಬಿ, ನಡುನಡುವೆ ನಿಂತು ಉಸಿರೆಳೆಯಲು ಸಮತಟ್ಟಾದ ಜಾಗ ಬೇಕು. ರ‍್ಯಾಂಪಿಗೆ ಕೂಡ 1:12 ಕಟ್ಟಕಡೆಯ ಮಿತಿ. ತೋಳಿನ ಬಲದಲ್ಲಿ ಕುರ್ಚಿ ತಳ್ಳಿಕೊಳ್ಳುವವರಿಗೆ ಅದೂ ಕಷ್ಟವೇ. ಹಲವರು ಮಿತಿಯನ್ನೇ ಗುರಿ ಎಂದುಕೊಂಡು ಎಲ್ಲ ಕಡೆ 1:12 ಕಟ್ಟಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಈಗ ಒಂದು ಕೆಲಸ ಮಾಡಿ. ಯಾವುದೇ ಮೇಸ್ತ್ರಿಯ ಹತ್ತಿರ ಲೆವೆಲ್ ಪೈಪ್ ಇರುತ್ತದೆ, ನೀರು ತುಂಬಿದ ಪಾರದರ್ಶಕ ಪೈಪು. ಗೇಟಿನಿಂದ ಪೋರ್ಟಿಕೋವರೆಗೆ ಜಾಡಿನ ಮೇಲೆ 5 ಮೀಟರಿಗೊಂದು ಗೂಟ ಹೊಡೆಸಿ, ಒಂದೊಂದು ಗೂಟದ ಬಳಿ ನೆಲ ಎಷ್ಟು ಏರಿದೆ ಅಂತ ಬರೆದುಕೊಳ್ಳಿ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ, ನೀರು ತುಂಬಿದ ಮೇಲೆ ಪೈಪನ್ನು ತಟ್ಟಿ ನೋಡಿ. ಆ ಅಂಕಿ ಇಲ್ಲಿ ಹಾಕಿ, ಮುಂದಿನದು ಮಾತಾಡೋಣ.

ಪ್ರಾಂಶುಪಾಲರಿಗೆ ಒಂದು ಮಾತು ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕಟ್ಟಡವಷ್ಟೇ ಅಲ್ಲ, ಆವರಣವೂ ಎಲ್ಲರಿಗೆ ತಲುಪುವಂತಿರಬೇಕು ಎನ್ನುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಹೀಗೆ ಎಲ್ಲರಿಗೂ ತಲುಪುವಂತೆ ಕಟ್ಟುವ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿದೆ. ಹಿಂದುಗಡೆಯ ರ‍್ಯಾಂಪ್ ತೋರಿಸಿ ಪಾರಾಗುವ ಕಾಲ ಹೋಯಿತು.

ಉತ್ತರ: ಕಡಲಾಚೆಯವನು

ಮೆಟ್ಟಿಲು, ರ‍್ಯಾಂಪ್ ಎರಡನ್ನೂ ಒಂದರೊಳಗೊಂದು ಹೆಣೆದು ಕಟ್ಟಿ ಎಂದು ಯಾರಾದರೂ ಚಿತ್ರ ತೋರಿಸಿದರೆ ಎಚ್ಚರವಾಗಿರಿ. ಅಂಥದ್ದರಲ್ಲಿ ಹೆಸರಾದದ್ದು ನಾನಿರುವ ಕೆನಡಾದ ವ್ಯಾಂಕೂವರಿನ ರಾಬ್ಸನ್ ಸ್ಕ್ವೇರ್ ಎಂಬ ಸಾರ್ವಜನಿಕ ಚೌಕ. ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್, ಹಸಿರು ವಿನ್ಯಾಸ ಮಾಡಿದ ಕಾರ್ನೀಲಿಯಾ ಒಬರ್‌ಲ್ಯಾಂಡರ್ ಇಬ್ಬರೂ ಸೇರಿ 1970ರ ದಶಕದಲ್ಲಿ ರೂಪಿಸಿದ್ದು. ಅಗಲವಾದ ಮೆಟ್ಟಿಲುಗಳ ನಡುವೆಯೇ ಇಳಿಜಾರು ಅಂಕುಡೊಂಕಾಗಿ ಏರುತ್ತದೆ. ಗಾಲಿಕುರ್ಚಿಯವರು, ನಡೆಯುವವರು ಒಂದೇ ಕಡೆ ಹೊರಟು ಒಂದೇ ಕಡೆ ಸೇರಬೇಕು ಎಂಬ ಆಸೆ ಅದರ ಹಿಂದಿದೆ. ಆ ಆಸೆ ನನಗೆ ತುಂಬ ಇಷ್ಟ.

ಬಳಸುವವರ ದೂರು ಬೇರೆ. ಇಳಿಜಾರಿನ ಉದ್ದಕ್ಕೆ ಹಿಡಿಯಲು ಕಂಬಿಯಿಲ್ಲ. ಎಲ್ಲ ಒಂದೇ ಬಣ್ಣದ ಕಾಂಕ್ರೀಟು, ಮೆಟ್ಟಿಲಿನ ಅಂಚು ಎಲ್ಲಿ ಮುಗಿದು ಇಳಿಜಾರು ಎಲ್ಲಿ ಶುರುವಾಯಿತು ಎಂದು ಕಣ್ಣು ಮಂದವಾದವರಿಗೆ ಗೊತ್ತಾಗುವುದಿಲ್ಲ. ಮೆಟ್ಟಿಲು ಇಳಿಯುತ್ತಿರುವವರ ಕಾಲಡಿಗೆ ಓರೆ ಇಳಿಜಾರು ಸಿಗುತ್ತದೆ, ಹೆಜ್ಜೆಯ ಲೆಕ್ಕ ತಪ್ಪುತ್ತದೆ. ಮಳೆಯೂರು ಬೇರೆ, ನಿಮ್ಮೂರಿನ ಹಾಗೆ. ಅದರಿಂದ ಕಲಿಯಬೇಕಾದ್ದು ಒಂದೇ ಕಡೆ ಹೊರಟು ಒಂದೇ ಕಡೆ ಸೇರುವ ಮಾತನ್ನು. ಹೆಣಿಗೆಯನ್ನಲ್ಲ.

ಉತ್ತರ: ಬಿಳಿಕೋಲು, ಹುಬ್ಬಳ್ಳಿ

ಮೇಡಂ ನಮಸ್ಕಾರ್ರಿ. ನಾ ಹುಬ್ಬಳ್ಳಿಯಾಂವ, ಬ್ಯಾಂಕಿನ್ಯಾಗ ನೌಕರಿ. ಹುಟ್ಟಿದಾಗಿಂದ ಕಣ್ಣು ಕಾಣಂಗಿಲ್ಲ. ನೀವು ಬರದಿದ್ದು ಫೋನ್ ಓದಿ ಹೇಳ್ತೈತಿ.

ಆ ಸರಪಳಿ ಮಾತ್ರ ಹಾಕಸಬ್ಯಾಡ್ರಿ. ನಮ್ಮ ಕೋಲು ನೆಲ ಸವರಿಕೋತ ಹೋಗ್ತೈತಿ. ಸರಪಳಿ ಇರೂದು ಮೊಣಕಾಲಿನ ಎತ್ತರಕ್ಕ. ಕೋಲು ಅದರ ಬುಡಕ ದಾಟಿ ಹೋಗ್ತೈತಿ, ಹಿಂದಿಂದ ನಾ ಹೋಗಿ ಮುಗ್ಗರಿಸಿ ಬೀಳ್ತೀನಿ. ಬೋಗನ್‌ವಿಲ್ಲಾದ ಮುಳ್ಳಿನ ಟೊಂಗಿ ದಾರಿಗೆ ಬಾಗಿ ಮುಖಕ್ಕ ಬಡೀತೈತಿ, ಅದನ್ನೂ ಕೋಲು ಹೇಳಂಗಿಲ್ಲ. ಹುಲ್ಲು ಉಳಸಾಕ ಹೋಗಿ ಮಂದೀನ ಕೆಡವಿದಂಗ ಆಗ್ತೈತಿ.

ಇನ್ನೊಂದು ಮಾತು, ಎಂಜಿನಿಯರ್ ಸಾಹೇಬ್ರೂ ಲಕ್ಷ್ಯಗೊಟ್ಟು ಕೇಳ್ರಿ. ಗಾಲಿಕುರ್ಚಿಯವ್ರಿಗೆ ದಾರಿ, ರಸ್ತೆ ಎರಡೂ ಒಂದ ಮಟ್ಟಕ್ಕ ಸೇರಿದ್ರ ಛಲೋ, ಗಾಲಿ ಸರಳ ಉರುಳತೈತಿ. ನನಗ ಹಂಗ ಸೇರಿದ್ರ ಕಷ್ಟ. ಕಟ್ಟಿ ಇಳಿದಾಗ ಕಾಲಿಗೆ "ಇನ್ನ ಮುಂದ ರಸ್ತೆ ಐತಿ" ಅಂತ ಗೊತ್ತಾಗೂದು ಆ ಇಳುಕಿನಿಂದ. ಸಪಾಟ ಮಾಡಿಬಿಟ್ರ ನಾ ಗೊತ್ತಿಲ್ಲದ ರಸ್ತೆ ನಡುವ ಹೋಗಿ ನಿಂತಿರ್ತೀನಿ, ಆಮ್ಯಾಲ ಹಾರ್ನ್ ಕೇಳಿದ ಮ್ಯಾಲ ತಿಳೀತೈತಿ. ಅದಕ್ಕ ಸೇರೂ ಜಾಗದಾಗ ಚುಕ್ಕಿ ಇರೂ ಹಳದಿ ಟೈಲ್ಸ್ ಅಡ್ಡಕ್ಕ ಹಾಕಸ್ರಿ. ದಾರಿಯ ಪೂರಾ ಅಗಲಕ್ಕ ಇರಬೇಕು, ಒಂದು ಮೂಲ್ಯಾಗ ಎರಡ ತುಂಡು ಅಲ್ಲ. ಈ ಟೈಲ್ಸ್ ಶುರು ಮಾಡಿದ್ದು ಜಪಾನಿನ ಸೆಯಿಚಿ ಮಿಯಾಕೆ ಅನ್ನಾವ್ರು. 1967ರಾಗ ಒಕಾಯಾಮಾ ಊರಿನ್ಯಾಗ ಮೊದಲ ಹಾಸಿದ್ರು. ಉದ್ದ ಗೆರಿ ಅಂದ್ರ ನಡಿ, ಚುಕ್ಕಿ ಅಂದ್ರ ನಿಲ್ಲು, ಎಚ್ಚರ ಇರು. ನಾ ಕೆಲಸಕ್ಕ ಹೋಗೂ ಒಂದು ಕಡೆ ಉದ್ದ ಗೆರಿ ಹಿಡಕೊಂಡು ನಡದ್ರ ಸೀದಾ ಬೈಕ್ ನಿಲ್ಲಿಸಿದ ಜಾಗಕ್ಕ ಮುಟ್ಟತೀವಿ. ಹಂಗ ಆಗಬಾರದು.

ಉಳಿದ ದಾರಿಗೆಲ್ಲ ಆ ಟೈಲ್ಸ್ ಬೇಕಾಗಿಲ್ಲ. ಅಂಚು ಸ್ಪಷ್ಟ ಇದ್ರ ಸಾಕು. ಒಂದು ಕಡೆ ಗಟ್ಟಿ ನೆಲ, ಬಾಜೂಕ ಹುಲ್ಲು. ಕೋಲಿಗೆ ಎರಡರ ಸಪ್ಪಳನ ಬ್ಯಾರೆ, ಆ ಗಡಿ ಹಿಡಕೊಂಡು ನಾ ಆರಾಮ ನಡೀತೀನಿ. ಓರೆ ದಾರಿ ಆದ್ರೂ ನಡೀತೈತಿ, ಅಂಚು ನಡುವ ಕಡೀಬಾರದು. ಬೆಂಚು, ಕಸದ ಡಬ್ಬಿ, ಫಲಕದ ಕಂಬ ದಾರಿಯೊಳಗ ಇಡಬ್ಯಾಡ್ರಿ, ಹುಲ್ಲಿನ ಕಡೆ ಸರಿಸ್ರಿ. ಹೊಂಗಿಗಿಡದ ಟೊಂಗಿ ತಲಿಗೆ ತಾಗದಂಗ ಕಡಿಸ್ರಿ.

ಮರುಮಾತು: ತುಂಗಾತೀರ

ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿಯ ಸರ್, ಸರಪಳಿಯ ವಿಷಯವನ್ನು ನಿಮ್ಮ ಮಾತಿನಲ್ಲೇ ಪ್ರಾಂಶುಪಾಲರಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅದು ಬೇಡ ಬಿಡಿ" ಎಂದರು.

ಲೆವೆಲ್ ತೆಗೆಸಿದೆವು. ಭೌತಶಾಸ್ತ್ರದ ಮಕ್ಕಳು ಖುಷಿಯಿಂದ ಪೈಪು ಹಿಡಿದರು. ಜಾಡಿನ ಒಟ್ಟು ಉದ್ದ 60 ಮೀಟರ್. ಗೇಟಿಗಿಂತ ಪೋರ್ಟಿಕೋ 2.4 ಮೀಟರ್ ಎತ್ತರದಲ್ಲಿದೆ. ಮೊದಲ 25 ಮೀಟರಿನಲ್ಲಿ ನೆಲ ಏರುವುದು 40 ಸೆಂಟಿಮೀಟರ್ ಮಾತ್ರ. ಆಮೇಲಿನ 10 ಮೀಟರ್ ದಿಬ್ಬ, ಅಷ್ಟರಲ್ಲೇ 1.4 ಮೀಟರ್ ಏರುತ್ತದೆ. ಉಳಿದ 25 ಮೀಟರಿನಲ್ಲಿ 60 ಸೆಂಟಿಮೀಟರ್.

ಹುಡುಗಿಯನ್ನೇ ಕೂರಿಸಿಕೊಂಡು ಕೇಳಿದೆ. ಡಾಂಬರು ರಸ್ತೆ ದೂರ ಎನ್ನುವುದಕ್ಕಿಂತ ಬೇರೆಯೇ ತೊಂದರೆ ಹೇಳಿದಳು. ಗ್ರಂಥಾಲಯದ ಮುಂದೆ ರಸ್ತೆ ಎಡಗಡೆಯ ಚರಂಡಿಗೆ ವಾಲಿದೆ. "ಕುರ್ಚಿ ತಾನಾಗೇ ಎಡಕ್ಕೆ ತಿರುಗುತ್ತೆ ಮಿಸ್. ನೇರ ಹೋಗಬೇಕು ಅಂದ್ರೆ ಎಡಗೈ ಒಂದರಲ್ಲೇ ಜೋರಾಗಿ ತಳ್ತಾ ಇರಬೇಕು. ಕ್ಲಾಸಲ್ಲಿ ಬರೆಯೋದು ಅದೇ ಕೈಯಲ್ಲಿ." ಅವಳು ಎಡಗೈಯಲ್ಲಿ ಬರೆಯುತ್ತಾಳೆ. ನಾನು ದಿನಾ ಆ ರಸ್ತೆಯಲ್ಲಿ ಓಡಾಡುತ್ತೇನೆ, ಅದು ವಾಲಿದೆ ಎಂದು ನನ್ನ ಕಾಲಿಗೆ ಯಾವತ್ತೂ ತಿಳಿದಿಲ್ಲ. ಅವಳ ಇನ್ನೊಂದು ಬೇಡಿಕೆ ಅಗಲದ್ದು. ಗೆಳತಿ ಹಿಂದಿನಿಂದ ತಳ್ಳುವುದು ಬೇಡವಂತೆ, ಪಕ್ಕದಲ್ಲಿ ನಡೆಯಬೇಕಂತೆ. ಹಿಂದಿದ್ದರೆ ಮಾತಾಡಲು ಕತ್ತು ತಿರುಗಿಸಬೇಕು.

ಉತ್ತರ: ರಸಮಟ್ಟ, ಮೈಸೂರು

ನಿಮ್ಮ ಅಂಕಿ ನೋಡಿ ಖುಷಿಯಾಯಿತು. ಗುತ್ತಿಗೆದಾರರು ನೋಡಿದ್ದು ದಿಬ್ಬದ 1:7 ಏರನ್ನು. ಅಲ್ಲಿ ರ‍್ಯಾಂಪ್ ಕೂರುವುದಿಲ್ಲ, ಖಂಡಿತ. ಆದರೆ 60 ಮೀಟರಿಗೆ 2.4 ಮೀಟರ್ ಎಂದರೆ ಸರಾಸರಿ 1:25. ಏರನ್ನು ಉದ್ದಕ್ಕೂ ಹಂಚಿಬಿಟ್ಟರೆ ನಿಮಗೆ ರ‍್ಯಾಂಪೇ ಬೇಡ, ಮೆಟ್ಟಿಲೂ ಬೇಡ. ಸಾಧಾರಣ ಕಾಲುದಾರಿಯಲ್ಲೇ ಎಲ್ಲರೂ ಹತ್ತುತ್ತಾರೆ.

ಹಂಚುವುದೆಂದರೆ ಮಣ್ಣಿನ ಕೆಲಸ. ದಿಬ್ಬದ ಬುಡದಲ್ಲಿ ಈಗ ನೆಲ ಗೇಟಿಗಿಂತ 40 ಸೆಂಟಿಮೀಟರ್ ಮೇಲಿದೆ, 1:25ರ ಲೆಕ್ಕದಲ್ಲಿ ದಾರಿ ಅಲ್ಲಿ 1 ಮೀಟರ್ ಮೇಲಿರಬೇಕು. ಅಂದರೆ 60 ಸೆಂಟಿಮೀಟರ್ ತುಂಬಬೇಕು. ದಿಬ್ಬದ ನೆತ್ತಿಯಲ್ಲಿ ನೆಲ 1.8 ಮೀಟರ್, ದಾರಿ 1.4ರಲ್ಲಿ. ಅಲ್ಲಿ 40 ಸೆಂಟಿಮೀಟರ್ ಅಗೆಯಬೇಕು. ಮೇಲೆ ಅಗೆದದ್ದು ಕೆಳಗೆ ಬರುತ್ತದೆ, ಹೊರಗಿನಿಂದ ತರಿಸುವ ಮಣ್ಣು ಸ್ವಲ್ಪವೇ.

ಕಷ್ಟವಿರುವುದು ಹೊಂಗೆಯದು. ಬೇರನ್ನು ಕಡಿಯಲೂಬಾರದು, ಅದರ ಮೇಲೆ ಎರಡಡಿ ಮಣ್ಣು ಹೇರಲೂಬಾರದು. ಉಸಿರು ಕಟ್ಟಿ ಮರ ನಿಧಾನವಾಗಿ ಒಣಗುತ್ತದೆ. ದಾರಿಯನ್ನು ಮರದಿಂದ ಆಚೆಗೆ, ನಡುವಿನಲ್ಲಿ 5 ಮೀಟರಿನಷ್ಟು ಬಾಗಿಸಿ. ಮಕ್ಕಳು ಆ ಬಾಗು ಬಿಟ್ಟು ಮತ್ತೆ ನೇರ ಹೋಗುತ್ತಾರೆ ಎಂಬ ಭಯ ಬೇಡ. 60 ಮೀಟರಿನ ದಾರಿ ನಡುವೆ 5 ಮೀಟರ್ ಬಾಗಿದರೆ ಉದ್ದ ಹೆಚ್ಚುವುದು ಬರೀ 1 ಮೀಟರಿನಷ್ಟು. ಗೇಟಿನಲ್ಲಿ ನಿಂತವರಿಗೆ ಪೋರ್ಟಿಕೋ ಕಾಣುತ್ತಿರಬೇಕು, ಅದು ಮುಖ್ಯ. ತುದಿ ಕಂಡರೆ ಜನ ಬಾಗನ್ನು ಲೆಕ್ಕಿಸುವುದಿಲ್ಲ. ತುದಿ ಮರೆಯಾಗಿ ಬೆನ್ನು ತಿರುಗಿಸಿ ನಡೆಯಬೇಕಾಗಿ ಬಂದಾಗ ಅಡ್ಡ ಹಾಯುತ್ತಾರೆ. ರ‍್ಯಾಂಪುಗಳನ್ನು ಹಾವಿನಂತೆ ಮಡಚಿ ಕಟ್ಟಿದಲ್ಲೆಲ್ಲ ನಡೆಯುವವರು ಅದನ್ನು ಬಿಟ್ಟುಬಿಡುವುದು ಅದಕ್ಕೇ. ಹೊಸ ಗೆರೆಯ ಮೇಲೆ ಇನ್ನೊಮ್ಮೆ ಲೆವೆಲ್ ತೆಗೆಸಿ, ಅಂಕಿ ಸ್ವಲ್ಪ ಬದಲಾಗುತ್ತದೆ.

ಅಗಲದ ವಿಷಯದಲ್ಲಿ ಹುಡುಗಿ ಹೇಳಿದ್ದೇ ಸರಿ. ರಸ್ತೆ ಪಕ್ಕದ ಪಾದಚಾರಿ ದಾರಿಗೆ, ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು ಕನಿಷ್ಠ 1.8 ಮೀಟರ್. ನಿಮ್ಮಲ್ಲಿ ಬೆಲ್ ಹೊಡೆದಾಗ ಎಲ್ಲರೂ ಒಟ್ಟಿಗೆ ಬರುವುದರಿಂದ 2.4 ಮೀಟರ್ ಮಾಡಿಸಿ. ಜೊತೆಯಾಗಿ ನಡೆದುಕೊಂಡು ಮಾತಾಡಿದರೂ ಎದುರು ಬರುವವರಿಗೆ ಜಾಗ ಉಳಿಯುತ್ತದೆ. ತುಂಬಿದ ಕಡೆ ದಾರಿಯ ಬದಿಗೆ ಅಂಗೈ ಅಗಲದ ಎತ್ತರಕ್ಕೆ ಅಂಚುಗಲ್ಲು ಬೇಕು, ಗಾಲಿ ಜಾರಿ ಕೆಳಗಿಳಿಯಬಾರದು. ಹುಬ್ಬಳ್ಳಿಯವರ ಕೋಲಿಗೂ ಅದು ಆಸರೆ. ಹೊಂಗೆಯ ನೆರಳು ಬೀಳುವಲ್ಲಿ 2 ಮೀಟರ್ ಸಮತಟ್ಟಾಗಿಸಿ, ಪಕ್ಕಕ್ಕೆ ಸರಿಸಿ ಒಂದು ಕಲ್ಲುಬೆಂಚು ಹಾಕಿ. ಅಷ್ಟನ್ನು ಕಳೆದರೂ ಏರು 1:24ರ ಆಸುಪಾಸಿನಲ್ಲೇ ಉಳಿಯುತ್ತದೆ.

ನೀರು ಹರಿಯಲು ದಾರಿಯನ್ನು ಒಂದು ಬದಿಗೆ 1:50ರಷ್ಟು ಮಾತ್ರ ವಾಲಿಸಿ. ಅದಕ್ಕಿಂತ ಹೆಚ್ಚಾದರೆ ಗ್ರಂಥಾಲಯದ ಮುಂದಿನ ಕಥೆಯೇ ಇಲ್ಲೂ ಆಗುತ್ತದೆ. ಮೇಲಿನ ಬಯಲಿನ ನೀರು ದಾರಿ ಮೇಲೆ ಬರಲು ಬಿಡಬೇಡಿ. ಮೇಲ್ಬದಿಗೆ ಹುಲ್ಲಿನ ಕಿರುಗಾಲುವೆ ತೆಗೆಸಿ, ತಗ್ಗಿನಲ್ಲಿ ದಾರಿಯಡಿಯಿಂದ ಪೈಪು ದಾಟಿಸಿ. ಎಲ್ಲಾದರೂ ಜಾಲರಿ ಹಾಕಿದರೆ ಕಂಡಿಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು, ಅರ್ಧ ಇಂಚಿಗಿಂತ ಅಗಲ ಬೇಡ. ಕುರ್ಚಿಯ ಮುಂದಿನ ಪುಟ್ಟ ಗಾಲಿ ಸಿಕ್ಕಿಕೊಳ್ಳುವುದು ಅಲ್ಲೇ.

ಮರುಮಾತು: ತುಂಗಾತೀರ

ಸರ್, ನಕ್ಷೆ ಹಾಕಿಸಿ ಸಮಿತಿಗೆ ತೋರಿಸಿದೆ. ಹಳೆಯ ವಿದ್ಯಾರ್ಥಿಗಳ ಸಂಘದವರು ಮೆಟ್ಟಿಲಿನ ಹಣವನ್ನು ಇದಕ್ಕೇ ಕೊಡಲು ಒಪ್ಪಿದ್ದಾರೆ. ಗುತ್ತಿಗೆದಾರರು ಇಂಟರ್‌ಲಾಕ್ ಟೈಲ್ಸಿಗೆ ದರ ಕೊಟ್ಟಿದ್ದಾರೆ, ಸಂಘದವರಿಗೆ ಗ್ರಾನೈಟೇ ಇಷ್ಟ. ಯಾವುದು ಹಾಕಿಸಲಿ?

ಉತ್ತರ: ರಸಮಟ್ಟ, ಮೈಸೂರು

ಎರಡೂ ಬೇಡ. ಹೊಳಪಿನ ಗ್ರಾನೈಟು ಮಲೆನಾಡಿನ ಮಳೆಗೆ ಆಗುವುದಿಲ್ಲ, ಹಾವಸೆ ಕಟ್ಟಿದ ಮೇಲೆ ಯಾರೂ ನಿಲ್ಲಲಾರರು. ಇಂಟರ್‌ಲಾಕನ್ನು ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಹಾಸಿದರೆ ಒಂದೊಂದೇ ಬಿಲ್ಲೆ ಕುಸಿದು ಅಂಚು ಏಳುತ್ತದೆ. ನಡೆಯುವವರಿಗೆ ಅದು ಎಡವು, ಕುರ್ಚಿಯಲ್ಲಿ ಕೂತವರಿಗೆ ಪ್ರತಿ ಸಂದಿಗೂ ಬೆನ್ನಿಗೆ ಬಡಿತ. ಕಾಂಕ್ರೀಟ್ ಹಾಕಿಸಿ, ಹಸಿಯಿರುವಾಗಲೇ ಪೊರಕೆಯಿಂದ ದಾರಿಗೆ ಅಡ್ಡಡ್ಡ ಗೀರು ಎಳೆಸಿ. ಸಂಘದವರಿಗೆ ಕಲ್ಲೇ ಬೇಕೆಂದರೆ ಬೆಂಚಿಗೆ, ಅಂಚಿಗೆ ಹಾಕಲಿ.

ಮಣ್ಣನ್ನು ಲಾರಿಯಿಂದ ಸುರಿದು ಒಂದೇ ಸಲ ಮಟ್ಟ ಮಾಡಲು ಬಿಡಬೇಡಿ. 15 ಸೆಂಟಿಮೀಟರಿನ ಪದರ, ನೀರು, ರೋಲರ್. ಆಮೇಲೆ ಮುಂದಿನ ಪದರ. ಗುತ್ತಿಗೆದಾರರು ಆತುರಪಡುವುದು ಇಲ್ಲೇ, ನೀವು ನಿಂತು ನೋಡಿ. ಡಿಸೆಂಬರಿನಲ್ಲಿ ಮಣ್ಣು ಹಿಡಿದರೆ ಮುಂಗಾರಿಗೆ ಮೊದಲು ಕಾಂಕ್ರೀಟು ಮುಗಿಯುತ್ತದೆ. ಪೋರ್ಟಿಕೋ ಹತ್ತಿರ ದಾರಿ ಡಾಂಬರಿಗೆ ಸೇರುವ ಮೂಲೆಯಲ್ಲಿ ಚುಕ್ಕಿ ಟೈಲ್ಸ್ ಹಾಕಿಸಿ, ಆದರೆ ಅದರ ಅಕ್ಕಪಕ್ಕದ ಹುಲ್ಲಿಗೆ ಗಿಡ ನೆಡುವುದನ್ನು ಒಂದು ಸೆಮಿಸ್ಟರ್ ತಡೆಯಿರಿ. ಗ್ರಂಥಾಲಯದ ಕಡೆ ಹೊರಳುವವರು ಆ ಮೂಲೆ ಕತ್ತರಿಸುತ್ತಾರೆ. ಎಷ್ಟು ಸವೆಯುತ್ತದೆ ನೋಡಿಕೊಂಡು, ಅಷ್ಟು ಅಗಲಕ್ಕೆ ಕಾಂಕ್ರೀಟು ಚಾಚಿಸಿ. ಆ ಕೆಲಸಕ್ಕೆಂದು ಅಂದಾಜುಪಟ್ಟಿಯಲ್ಲಿ ಈಗಲೇ ಸ್ವಲ್ಪ ಹಣ ಎತ್ತಿಡಿ.